ಒಂದು ದಿನ ಮೊದಲು

1696ರ ಮಾರ್ಚ್ 24. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿದ್ದವನು ಸರ್ ವಿಲಿಯಂ ಪಾರ್ಕಿನ್ಸ್. ದೊರೆ ಮೂರನೇ ವಿಲಿಯಂನ ಕೊಲೆಗೆ ಸಂಚು ಹೂಡಿದನೆಂಬುದು ಆರೋಪ. ಅವನು ತನಗೊಬ್ಬ ವಕೀಲ ಬೇಕೆಂದ. ರಾಜದ್ರೋಹದ ಆರೋಪಿಗೆ ವಕೀಲನನ್ನು ಇಟ್ಟುಕೊಳ್ಳಲು ಬಿಡುವ ಕಾಯ್ದೆ ಅಷ್ಟರಲ್ಲಿ ಪಾಸಾಗಿತ್ತು. ಜಾರಿಗೆ ಬರುವುದು ಮಾತ್ರ ಮರುದಿನ. ಇಂಥ ಅವಕಾಶ ಕೊಡುವುದು ನ್ಯಾಯವಾದದ್ದೆಂದು ಕಾಯ್ದೆಯ ಪೀಠಿಕೆಯೇ ಒಪ್ಪಿರುವಾಗ, ನಾಳಿನ ನ್ಯಾಯ ಇವತ್ತು ಯಾಕಿಲ್ಲ ಎಂದು ಪಾರ್ಕಿನ್ಸ್ ವಾದಿಸಿದ. ಇವತ್ತು ಇವತ್ತಿನ ಕಾನೂನೇ ಎಂದರು ಮುಖ್ಯ ನ್ಯಾಯಮೂರ್ತಿ ಹೋಲ್ಟ್. ಏಪ್ರಿಲ್ 3ರಂದು ಟೈಬರ್ನ್‌ನಲ್ಲಿ ಪಾರ್ಕಿನ್ಸ್‌ಗೆ ಗಲ್ಲಾಯಿತು.

ಅಲ್ಲಿಯವರೆಗಿನ ಪದ್ಧತಿಗೆ ಹೇಳುತ್ತಿದ್ದ ಸಮರ್ಥನೆ ಕೇಳಲು ಚೆನ್ನಾಗಿಯೇ ಇತ್ತು: ನ್ಯಾಯಾಧೀಶನೇ ಆರೋಪಿಯ ವಕೀಲ. ಅದು ನಡೆಯುತ್ತಿದ್ದ ಬಗೆಯನ್ನು 1603ರಲ್ಲಿ ವಿಂಚೆಸ್ಟರ್‌ನಲ್ಲಿ ನಡೆದ ಸರ್ ವಾಲ್ಟರ್ ರಾಲಿಯ ವಿಚಾರಣೆಯಲ್ಲಿ ನೋಡಬಹುದು. ಅವನ ವಿರುದ್ಧ ಇದ್ದ ಮುಖ್ಯ ಆಧಾರ, ಸೆರೆಯಲ್ಲಿದ್ದ ಲಾರ್ಡ್ ಕೋಬ್ಯಾಮ್‌ನ ಲಿಖಿತ ಹೇಳಿಕೆ. ಅವನನ್ನು ಇಲ್ಲಿಗೇ ಕರೆಸಿ, ನನ್ನ ಮುಖ ನೋಡಿ ಹೇಳಲಿ ಎಂದು ರಾಲಿ ಮತ್ತೆ ಮತ್ತೆ ಕೇಳಿದ. ಕರೆಸಲಿಲ್ಲ. ಕೋಬ್ಯಾಮ್ ತಾನು ಹೇಳಿದ್ದು ಸುಳ್ಳೆಂದು ಬರೆದುಕೊಟ್ಟ ಪತ್ರವನ್ನು ರಾಲಿ ತೋರಿಸಿದರೆ, ಅದನ್ನೂ ಅಲ್ಲಗಳೆದ ಇನ್ನೊಂದು ಪತ್ರ ಅಟಾರ್ನಿ ಜನರಲ್ ಕೋಕ್ ಬಳಿಯಿತ್ತು. 1683ರಲ್ಲಿ ಆಲ್ಜರ್ನನ್ ಸಿಡ್ನಿಯ ಮೊಕದ್ದಮೆಯಲ್ಲಿ ಸಂಚಿಗೆ ಸಿಕ್ಕಿದ್ದು ಒಬ್ಬನೇ ಸಾಕ್ಷಿ, ಕಾನೂನು ಕೇಳುತ್ತಿದ್ದುದು ಇಬ್ಬರನ್ನು. ಅವನ ಮನೆಯಲ್ಲಿ ಸಿಕ್ಕ, ಅಚ್ಚಾಗದ ಹಸ್ತಪ್ರತಿಯನ್ನೇ ನ್ಯಾಯಮೂರ್ತಿ ಜೆಫ್ರೀಸ್ ಎರಡನೆಯ ಸಾಕ್ಷಿಯಾಗಿ ಎಣಿಸಿದ. ಆರೋಪಿಯ ಪರ ನಿಂತ ನ್ಯಾಯಾಧೀಶ ಎಂದರೆ ಇಂಥವನು!

1696ರ ಕಾಯ್ದೆ ವಕೀಲನ ಜೊತೆಗೆ ಆರೋಪಪಟ್ಟಿಯ ಪ್ರತಿಯನ್ನು ಐದು ದಿನ ಮೊದಲೇ ಕೊಡಿಸಿತು. ಆರೋಪಿಯ ಪರ ಸಾಕ್ಷಿಗಳೂ ಪ್ರಮಾಣ ಮಾಡಿ ನುಡಿಯುವಂತಾಯಿತು. ಇದನ್ನು ಮನುಷ್ಯತ್ವದ ಗೆಲುವೆಂದು ಓದುವುದು ವಾಡಿಕೆ. ನನಗೆ ಕಾಣುವುದು ಅಧಿಕಾರಸ್ಥರ ಮುಂಜಾಗ್ರತೆ. ಸಿಡ್ನಿಯ ಗತಿ ಕಂಡ ವಿಗ್ ಪಕ್ಷದವರಿಗೂ, 1688ರ ಕ್ರಾಂತಿಯ ನಂತರ ಅನುಮಾನಕ್ಕೆ ಗುರಿಯಾದ ಟೋರಿಗಳಿಗೂ ಒಂದು ಗೊತ್ತಿತ್ತು: ಇಂದು ಮಂತ್ರಿಯಾದವನು ನಾಳೆ ಕಟಕಟೆ ಹತ್ತಬಹುದು. ಮಸೂದೆ ಎರಡು ಸದನಗಳ ನಡುವೆ ವರ್ಷಗಟ್ಟಲೆ ಎಳೆದಾಡಿದ್ದಕ್ಕೆ ಒಂದು ಕಾರಣವೂ ಅಂಥದ್ದೇ. ಕುಲೀನನೊಬ್ಬನ ವಿಚಾರಣೆಗೆ ಕುಲೀನರೆಲ್ಲರನ್ನೂ ಕರೆಯಬೇಕೆಂಬ ಷರತ್ತನ್ನು ಲಾರ್ಡ್ಸ್ ಸಭೆ ಬಿಟ್ಟುಕೊಡಲಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಕಳ್ಳತನದಂಥ ಮೊಕದ್ದಮೆಗಳಲ್ಲಿ ದೂರುಕೊಟ್ಟವನಿಗೂ ಸಾಮಾನ್ಯವಾಗಿ ವಕೀಲನಿರುತ್ತಿರಲಿಲ್ಲ. ರಾಜದ್ರೋಹದಲ್ಲಿ ಮಾತ್ರ ಸರ್ಕಾರಿ ವಕೀಲರ ದಂಡೇ ಎದುರಿಗಿತ್ತು. ತಕ್ಕಡಿ ಸರಿಮಾಡಲು ಅಲ್ಲಿಗಷ್ಟೇ ಕಾಯ್ದೆ ಬೇಕಾಯಿತು ಎನ್ನುತ್ತಾರೆ. ಒಪ್ಪಬಹುದಿತ್ತು, ಖೋಟಾನಾಣ್ಯದವರು ಇಲ್ಲದಿದ್ದರೆ. ದೊರೆಯ ನಾಣ್ಯದ ನಕಲು ಮಾಡುವುದೂ ಆಗ ರಾಜದ್ರೋಹವೇ, ಶಿಕ್ಷೆಯೂ ಸಾವೇ. ಆದರೂ ಈ ಕಾಯ್ದೆ ಅವರನ್ನು ಹೆಸರಿಸಿ ಹೊರಗಿಟ್ಟಿತು. ಅವರ ಬೆನ್ನುಹತ್ತಿದ್ದು ಬಡ ದೂರುದಾರನಲ್ಲ, ಸರ್ಕಾರದ ಟಂಕಸಾಲೆ. ಅದರ ವಾರ್ಡನ್ ಆಗಿದ್ದವನು ಐಸಾಕ್ ನ್ಯೂಟನ್. ಅವನು ವರ್ಷಗಳ ಕಾಲ ಸಾಕ್ಷಿಗಳನ್ನು ಕಲೆಹಾಕಿ ಹಿಡಿದ ವಿಲಿಯಂ ಚಾಲನರ್, 1699ರಲ್ಲಿ ವಕೀಲನಿಲ್ಲದೆ ತಾನೇ ವಾದಿಸಿ, ಸೋತು ನೇಣಿಗೇರಿದ. ತಕ್ಕಡಿಯ ಚಿಂತೆ ನಿಜವಾಗಿದ್ದರೆ ಮೊದಲು ಸರಿಮಾಡಬೇಕಾದದ್ದು ಇಲ್ಲಿ. ಆದರೆ ಖೋಟಾನಾಣ್ಯದ ಆರೋಪ ತನ್ನ ಮೇಲೆ ಬಂದೀತೆಂಬ ಭಯ ಯಾವ ಸಂಸದನಿಗೂ ಇದ್ದಿರಲಾರದು.

ಹುಟ್ಟಿದ ಕಾರಣ ಏನಾದರೇನು, ಹಕ್ಕು ಹಕ್ಕೇ ತಾನೆ ಎನ್ನಬಹುದು. ನಿಜ, ಆದರೆ ಅದು ಎಲ್ಲಿಗೆ ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಆ ಕಾರಣವೇ ಗೊತ್ತುಮಾಡಿತು. 18ನೇ ಶತಮಾನದಲ್ಲಿ ಉಳಿದ ಮೊಕದ್ದಮೆಗಳಲ್ಲಿ ಸಾಕ್ಷಿಯನ್ನು ಪಾಟೀಸವಾಲು ಮಾಡಲು ವಕೀಲರನ್ನು ನ್ಯಾಯಾಧೀಶರು ಮೆಲ್ಲಗೆ ಬಿಟ್ಟುಕೊಂಡರು, ಜ್ಯೂರಿಯ ಮುಂದೆ ವಾದ ಮಂಡಿಸಲು ಬಿಡಲಿಲ್ಲ. ಕಳ್ಳತನದ ಆರೋಪಿಯ ಪರವಾಗಿ ಪೂರ್ಣ ವಾದ ಮಾಡುವ ಅವಕಾಶ ವಕೀಲನಿಗೆ ಸಿಕ್ಕಿದ್ದು 1836ರಲ್ಲಿ, ಪಾರ್ಕಿನ್ಸ್ ಸತ್ತು 140 ವರ್ಷಗಳಾದ ಮೇಲೆ.