ವಯಸ್ಸು 16, ತಾಯಿ ಕಾರ್ಡ್‌ನಲ್ಲಿ 19

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿರಲಿ, ಗದಗ-ಬೆಟಗೇರಿಯ ಓಣಿಗಳಿರಲಿ, ಈ ಮಾತು ನೀವು ಕೇಳಿರ್ತೀರಿ: "ಛಲೋ ಸಂಬಂಧ ಬಂದೈತಿ, ಹುಡುಗೀನ ಇನ್ನ ಎಷ್ಟ ದಿನ ಮನ್ಯಾಗ ಇಟ್ಕೊಳ್ಳೂದು?" ಎಸ್ಸೆಸ್ಸೆಲ್ಸಿ ಮುಗಿಯುತ್ತೆ, ಮದುವೆ ಆಗುತ್ತೆ, ವರ್ಷದೊಳಗೆ ಕುಬಸದ ಸೀರೆ ನೋಡ್ತಿರ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ 18 ತುಂಬೋ ಮೊದಲೇ ಮದುವೆಯಾಗಿತ್ತು.

"ನಮ್ಮವ್ವ ಹದಿನೈದಕ್ಕ ಹಡದಿದ್ಲು, ಏನಾತು?" ಅಂತ ಕೇಳೋರಿದ್ದಾರೆ. ಬದುಕಿ ಉಳಿದವರು ಮಾತ್ರ ಆ ಕಥೆ ಹೇಳೋಕೆ ಇರ್ತಾರೆ, ನೆನಪಿರಲಿ.

ನಾನು ಓದಿದ್ದು ಎಂಜಿನಿಯರಿಂಗ್. ಸ್ಲ್ಯಾಬ್ ಹಾಕಿದ ಮರುದಿನವೇ ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟಲ್ಲ, ನೀರುಣಿಸಿ ಗಟ್ಟಿಯಾಗೋಕೆ ಬಿಡ್ತೀವಿ. 16ರ ದೇಹವೂ ಇನ್ನೂ ಕಟ್ಟಿ ಮುಗಿದಿರಲ್ಲ. ಎಲುಬಿಗೆ ಸುಣ್ಣ ಸೇರೋ ವಯಸ್ಸದು. ಋತುಮತಿಯಾದಳು ಅಂದ್ರೆ ಹೆರೋಕೆ ತಯಾರಾದಳು ಅಂತಲ್ಲ. ಮಗು ಹೊರಬರಬೇಕಾದ ಸೊಂಟದ ಎಲುಬಿನ ಗೂಡು ಆಮೇಲೂ ಕೆಲವು ವರ್ಷ ಅಗಲವಾಗ್ತಾನೇ ಇರುತ್ತೆ. ಅದು ಕಿರಿದಾಗಿದ್ರೆ ಮಗುವಿನ ತಲೆ ಸಿಕ್ಕಿಹಾಕಿಕೊಳ್ಳುತ್ತೆ, ಹೆರಿಗೆ ಗಂಟೆಗಟ್ಟಲೆ ಎಳೆಯುತ್ತೆ.

ಇನ್ನು ರಕ್ತ. ಬಸುರಿನಲ್ಲಿ ಮೈಯ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತೆ. ಆದ್ರೆ ಅದರಲ್ಲಿ ನೀರಿನಂಶ ಹೆಚ್ಚುವಷ್ಟು ಕೆಂಪು ಕಣ ಹೆಚ್ಚಲ್ಲ, ರಕ್ತ ತೆಳುವಾಗುತ್ತೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದ್ರೆ ಅಪಾಯ. ತಿಂಗಳ ಮುಟ್ಟಿನಿಂದ ಮೊದಲೇ ಕಬ್ಬಿಣಾಂಶ ಸೋರಿಹೋದ ಹುಡುಗಿ, ಬೆಳೆಯೋ ತನ್ನ ಮೈಗೂ ಹೊಟ್ಟೆಯೊಳಗಿನ ಕೂಸಿಗೂ ಒಂದೇ ರೊಟ್ಟಿ ಹಂಚಬೇಕು. ಹಂಗಾಗಿ ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸು ಹುಟ್ಟೋ ಸಾಧ್ಯತೆ ಹೆಚ್ಚು. ಕಬ್ಬಿಣದ ಮಾತ್ರೆ ನುಂಗಿ ಮೇಲೆ ಚಹಾ ಕುಡಿದ್ರೆ ಮಾತ್ರೆ ಮೈಗೆ ಹತ್ತೋದೂ ಕಮ್ಮಿ. ನಮ್ಮ ಕಡೆ ಚಹಾ ಬಿಡಿಸೋದು ಕಷ್ಟ, ಒಂದೆರಡು ತಾಸು ಬಿಟ್ಟಾದ್ರೂ ಕುಡೀಲಿ.

ಐದು ತಿಂಗಳ ನಂತರ ಬಿಪಿ ಏರೋದು ಇನ್ನೊಂದು. 20 ದಾಟಿದವರಿಗಿಂತ ಹದಿಹರೆಯದ ತಾಯಂದಿರಿಗೆ ಇದರಿಂದ ಫಿಟ್ಸ್ ಬರೋ ಅಪಾಯ, ಹೆರಿಗೆ ನಂತರ ನಂಜಾಗೋ ಅಪಾಯ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಈಗ ಆ 19ಕ್ಕೆ ಬರೋಣ. ಸುಳ್ಳು ಯಾಕೆ ಬರೆಸ್ತಾರೆ? ಕೇಸಿನ ಭಯ. ಪೋಕ್ಸೊ ಪ್ರಕಾರ 18 ತುಂಬದ ಗರ್ಭಿಣಿ ಬಂದ್ರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು. 18ರೊಳಗಿನ ಹೆಂಡತಿಯಾದ್ರೂ ಅದು ಅತ್ಯಾಚಾರವೇ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಇರಬೇಕು, ಸರಿ. ಆದ್ರೆ ದೊಡ್ಡವರು ಮಾಡಿದ ತಪ್ಪನ್ನ ಮುಚ್ಚೋಕೆ ಹುಡುಗಿಯನ್ನೇ ಬಚ್ಚಿಡ್ತಾರೆ. ಮೊದಲ ತಪಾಸಣೆ ಐದಾರು ತಿಂಗಳಿಗೆ ಹೋಗುತ್ತೆ. ಕಾರ್ಡ್ ನೋಡಿದ ಡಾಕ್ಟರು 16ರ ಮೈಯನ್ನ 19ರದು ಅಂದ್ಕೊಳ್ತಾರೆ.

ಕೇಸಾದ್ರೂ ಚಿಕಿತ್ಸೆ ನಿಲ್ಲಬಾರದು. ಮದುವೆ ಇನ್ನೂ ಆಗಿಲ್ಲ, ಮಾತುಕತೆ ನಡೀತಿದೆ ಅಂತಾದ್ರೆ 1098ಕ್ಕೆ ಫೋನ್ ಮಾಡಿ. ಈಗಾಗಲೇ ಬಸುರಿಯಾಗಿದ್ರೆ ಆಶಾ ಕಾರ್ಯಕರ್ತೆಗೆ ನಿಜವಾದ ವಯಸ್ಸು ಹೇಳಿ. ತಲೆ ಸಿಡೀತಿದೆ, ಕಣ್ಣು ಮಂಜಾಗ್ತಿದೆ, ಮುಖ ಊದಿದೆ ಅಂದ್ರೆ ನಾಳೆವರೆಗೆ ಕಾಯಬೇಡಿ, 108 ಕರೀರಿ. ತುಂಗಭದ್ರೆ ದಂಡೆಯ ಹಳ್ಳಿಯಿಂದ ಗದಗಿನ ಜಿಲ್ಲಾಸ್ಪತ್ರೆಗೆ ದಾರಿ ದೂರ ಇದೆ.