ಮನೆ ಕಟ್ಟುವವನ ಪರವಾನಗಿ

ಮನುಷ್ಯನು ತನ್ನ ಜೀವಮಾನದಲ್ಲಿ ಮಾಡುವ ವೆಚ್ಚಗಳಲ್ಲಿ ಬಹುಶಃ ಅತ್ಯಂತ ದೊಡ್ಡದು ಮನೆಗಾಗಿ ಮಾಡುವ ವೆಚ್ಚ. ಆದರೆ ತಾನು ತೆತ್ತ ಹಣಕ್ಕೆ ತಕ್ಕ ವಸ್ತು ತನ್ನ ಕೈ ಸೇರಿತೇ ಎಂಬುದನ್ನು ಅರಿಯುವ ಸಾಮರ್ಥ್ಯ ಅವನಿಗೆ ಅತ್ಯಲ್ಪವಾಗಿರುವುದೂ ಆ ವ್ಯವಹಾರದಲ್ಲಿಯೇ. ಸೀರೆ ಕೊಳ್ಳುವವರು ಅಂಗಡಿಯಲ್ಲಿಯೇ ಮಡಿಕೆ ಬಿಚ್ಚಿ ಅಂಚು ಸೆರಗುಗಳನ್ನು ಪರೀಕ್ಷಿಸಬಹುದು. ಮನೆಯ ಪಾಯಕ್ಕೆ ಹಾಕಿದ ಕಲ್ಲು ಮಣ್ಣಿನೊಳಗೂ, ಕಂಬಕ್ಕೆ ಕಟ್ಟಿದ ಕಂಬಿ ಕಾಂಕ್ರೀಟಿನೊಳಗೂ, ನೀರಿನ ಕೊಳವೆ ಗಾರೆಯೊಳಗೂ ಅಡಗಿಹೋದ ಮೇಲೆ, ಅದರ ಗುಣದೋಷಗಳನ್ನು ಯಜಮಾನನಿಗೆ ತಿಳಿಸಿಕೊಡುವುದು ಮಳೆಗಾಲವೇ ಹೊರತು ಬೇರೆ ಯಾರೂ ಅಲ್ಲ. ಕೆಲಸವನ್ನು ಪರೀಕ್ಷಿಸಲಾರದವನು ಕೆಲಸಗಾರನನ್ನಾದರೂ ಪರೀಕ್ಷಿಸಿ ಆರಿಸಿಕೊಳ್ಳಬೇಕು. ಅದೂ ಅವನಿಂದಾಗದ ಕಾರ್ಯವಾದುದರಿಂದ, ಅವನ ಪರವಾಗಿ ಆ ಪರೀಕ್ಷೆಯನ್ನು ನಡೆಸುವ ಹೊಣೆಯನ್ನು ರಾಜ್ಯವೇ ವಹಿಸಿಕೊಳ್ಳತಕ್ಕದ್ದೆಂಬ ಭಾವನೆ ಕಳೆದ ಒಂದು ಶತಮಾನದಲ್ಲಿ ಹಲವು ನಾಡುಗಳಲ್ಲಿ ಬಲಿಯುತ್ತ ಬಂದಿದೆ. ವೈದ್ಯನಿಗೂ ವಕೀಲನಿಗೂ ಇರುವಂತೆ ಮನೆ ಕಟ್ಟುವ ಗುತ್ತಿಗೆದಾರನಿಗೂ ಪರವಾನಗಿ ಇರಬೇಕೆಂಬುದೇ ಆ ಭಾವನೆಯ ಫಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಅಧಿಕಾರ ಕೇಂದ್ರ ಸರ್ಕಾರದ್ದಲ್ಲ, ಆಯಾ ರಾಜ್ಯದ್ದು. ಆದುದರಿಂದ ಒಂದೇ ದೇಶದೊಳಗೆ ಬಗೆಬಗೆಯ ಪದ್ಧತಿಗಳು ಬೆಳೆದುಕೊಂಡಿವೆ. ಟೆಕ್ಸಾಸ್ ರಾಜ್ಯವು 2003ರಲ್ಲಿ ಗೃಹನಿರ್ಮಾಣಕ್ಕೆಂದೇ ಒಂದು ಆಯೋಗವನ್ನು ಸ್ಥಾಪಿಸಿ, ಅದರಿಂದ ಮನೆಯ ಯಜಮಾನರಿಗೆ ಪ್ರಯೋಜನವಾಗಲಿಲ್ಲವೆಂಬ ಆಕ್ಷೇಪಣೆಗಳ ನಡುವೆ 2010ರ ಹೊತ್ತಿಗೆ ಅದನ್ನು ಮುಚ್ಚಿಬಿಟ್ಟಿತು. ಸಾಮಾನ್ಯ ಗುತ್ತಿಗೆದಾರನಿಗೆ ಅಲ್ಲಿ ಇಂದಿಗೂ ರಾಜ್ಯದ ಪರವಾನಗಿ ಬೇಕಿಲ್ಲ. ನ್ಯೂಯಾರ್ಕ್ ರಾಜ್ಯವು ಆ ಭಾರವನ್ನು ನಗರಗಳಿಗೂ ಕೌಂಟಿಗಳಿಗೂ ಬಿಟ್ಟಿದೆ. ಫ್ಲಾರಿಡಾದಲ್ಲಿ ಎರಡು ಬಗೆಯ ಗುತ್ತಿಗೆದಾರರುಂಟು: ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಪಡೆದವನು ರಾಜ್ಯದ ಯಾವ ಮೂಲೆಯಲ್ಲಾದರೂ ಕೆಲಸ ಹಿಡಿಯಬಹುದು, ಸ್ಥಳೀಯ ಅಧಿಕಾರಿಗಳಿಂದ ಯೋಗ್ಯತೆ ಪಡೆದು ರಾಜ್ಯದಲ್ಲಿ ಕೇವಲ ನೋಂದಣಿ ಮಾಡಿಸಿಕೊಂಡವನಾದರೋ ಆ ಸ್ಥಳದ ಎಲ್ಲೆಯನ್ನು ದಾಟುವಂತಿಲ್ಲ. ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದೆರಡು ಸಂಸಾರಗಳು ವಾಸಿಸುವ ಮನೆಗಳನ್ನು ಕಟ್ಟುವ ಸಂಸ್ಥೆಯಲ್ಲಿ ಅರ್ಹತೆ ಪಡೆದ ವ್ಯಕ್ತಿಯೊಬ್ಬನು ಇರಲೇಬೇಕು. ಅವನು ಆರಂಭದಲ್ಲಿ 12 ಗಂಟೆಗಳ ಪಾಠ ಕೇಳಿ, ಬಳಿಕ ಎರಡು ವರ್ಷಕ್ಕೊಮ್ಮೆ ಮತ್ತೆ 12 ಗಂಟೆ ಕಲಿಯುತ್ತಿರಬೇಕು. ಈ ವೈವಿಧ್ಯದ ನಡುವೆ ವಿಚಾರಮಾಡಿ ನೋಡಲು ಹೆಚ್ಚು ಅರ್ಹವಾದುದು, ನನ್ನ ದೃಷ್ಟಿಯಲ್ಲಿ, ಕ್ಯಾಲಿಫೋರ್ನಿಯದ ಶಾಸನ. ಏಕೆಂದರೆ ಅದು ಪರವಾನಗಿಯನ್ನು ವಿಧಿಸಿದುದಷ್ಟೇ ಅಲ್ಲದೆ, ಪರವಾನಗಿಯಿಲ್ಲದವನಿಗೆ ಏನಾಗಬೇಕೆಂಬುದನ್ನು ಬೇರೆಡೆ ಅಪರೂಪವಾದ ಕಾಠಿಣ್ಯದಿಂದ ನಿರ್ಣಯಿಸಿದೆ.

ಅಲ್ಲಿ ಗುತ್ತಿಗೆದಾರರ ಪರವಾನಗಿ ಕಚೇರಿ ಹುಟ್ಟಿದ್ದು 1929ರಲ್ಲಿ. ಪರೀಕ್ಷೆ ಕಡ್ಡಾಯವಾದದ್ದು 1938ರಲ್ಲಿ; ಅದಕ್ಕೆ ಮುನ್ನ ಪರವಾನಗಿಯೆಂಬುದು ಹೆಚ್ಚುಕಡಮೆ ಹೆಸರು ಬರೆಸಿಕೊಳ್ಳುವ ವಿಧಿಯಷ್ಟೇ ಆಗಿತ್ತು. ಇಂದು ಆ ಕಾರ್ಯವನ್ನು ನಡೆಸುವ ಮಂಡಳಿಯಲ್ಲಿ 15 ಮಂದಿ ಸದಸ್ಯರಿದ್ದು, ಅವರಲ್ಲಿ ಹೆಚ್ಚಿನವರು ಗುತ್ತಿಗೆದಾರರಲ್ಲದ ಸಾರ್ವಜನಿಕ ಪ್ರತಿನಿಧಿಗಳೆಂಬುದು ಗಮನಿಸತಕ್ಕ ಅಂಶ. ಒಂದು ವೃತ್ತಿಯವರೇ ತಮ್ಮ ವೃತ್ತಿಗೆ ಕಾವಲು ನಿಂತರೆ ಆ ಕಾವಲು ಹೊಸಬರನ್ನು ಹೊರಗಿಡಲು ಒದಗುವಷ್ಟು ಜನರನ್ನು ರಕ್ಷಿಸಲು ಒದಗುವುದಿಲ್ಲ. ಅರ್ಜಿದಾರನಿಗೆ 18 ವರ್ಷ ತುಂಬಿರಬೇಕು. ಹಿಂದಿನ 10 ವರ್ಷಗಳೊಳಗೆ, ಮತ್ತೊಬ್ಬರ ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡಬಲ್ಲ ಪಳಗಿದ ಕಸಬುದಾರನಾಗಿಯೋ, ಅದಕ್ಕೆ ಮೇಲ್ಪಟ್ಟ ಸ್ಥಾನದಲ್ಲಿಯೋ ನಾಲ್ಕು ವರ್ಷ ದುಡಿದಿರಬೇಕು. ಓದಿಗೂ ಬೆಲೆಯುಂಟಾದರೂ ಅದು ಮೂರು ವರ್ಷಕ್ಕಿಂತ ಹೆಚ್ಚಿನ ಅನುಭವಕ್ಕೆ ಸಮವಾಗಲಾರದು. ಅಂದರೆ ಎಷ್ಟೇ ಪದವಿ ಪಡೆದವನಾದರೂ ಕೈಗೆ ಸಿಮೆಂಟು ಮೆತ್ತಿಸಿಕೊಳ್ಳದೆ ಪರವಾನಗಿ ಪಡೆಯುವಂತಿಲ್ಲ. ಕಾನೂನು ಮತ್ತು ವ್ಯವಹಾರ ಕುರಿತು ಒಂದು, ಕಸಬು ಕುರಿತು ಇನ್ನೊಂದು, ಹೀಗೆ ಎರಡು ಪರೀಕ್ಷೆಗಳು. ಬೆರಳಚ್ಚು ಕೊಟ್ಟು ಪೂರ್ವಚರಿತ್ರೆಯ ತನಿಖೆಗೆ ಒಳಪಡುವುದು. 25,000 ಡಾಲರುಗಳ ಜಾಮೀನು ಪತ್ರ. ಇಷ್ಟಾದ ಮೇಲೆ ದೊರೆಯುವ ಪರವಾನಗಿ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಇಡೀ ಮನೆ ಕಟ್ಟುವವನಿಗೆ ಒಂದು ವರ್ಗ, ವಿದ್ಯುತ್ತು, ನೀರಿನ ಕೊಳವೆ, ಚಾವಣಿ, ಕಾಂಕ್ರೀಟು ಮೊದಲಾದ ಒಂದೊಂದು ಕಸಬಿಗೆ ಒಂದೊಂದು ವರ್ಗ ಎಂದು ನಲವತ್ತಕ್ಕೂ ಮಿಕ್ಕ ವಿಭಾಗಗಳಿವೆ. 2025ರ ಜನವರಿಯಿಂದೀಚೆಗೆ, ಕೂಲಿ ಸಾಮಗ್ರಿ ಸೇರಿ 1,000 ಡಾಲರಿಗೆ ಕಡಮೆಯಾದ, ನಗರಾಡಳಿತದ ಅನುಮತಿ ಬೇಡದ, ಆಳುಗಳನ್ನಿಟ್ಟುಕೊಳ್ಳದೆ ಒಬ್ಬನೇ ಮಾಡಿ ಮುಗಿಸುವ ಕೆಲಸಕ್ಕೆ ಮಾತ್ರ ಪರವಾನಗಿಯಿಂದ ವಿನಾಯಿತಿ. ಅದಕ್ಕೆ ಮುನ್ನ ಈ ಮಿತಿ 500 ಡಾಲರಾಗಿತ್ತು.

ಇರುವ ಮನೆಯನ್ನು ದುರಸ್ತಿಮಾಡಿಸುವ ಇಲ್ಲವೆ ಮಾರ್ಪಡಿಸುವ ಕೆಲಸದಲ್ಲಿ ಗುತ್ತಿಗೆದಾರನು ಕೇಳಬಹುದಾದ ಮುಂಗಡವನ್ನೂ ಶಾಸನವೇ ಗೊತ್ತುಮಾಡಿದೆ: ಒಟ್ಟು ಹಣದ ನೂರಕ್ಕೆ ಹತ್ತು ಭಾಗ, ಇಲ್ಲವೆ 1,000 ಡಾಲರು, ಇವೆರಡರಲ್ಲಿ ಯಾವುದು ಕಡಮೆಯೋ ಅದು. ಆಮೇಲಿನ ಕಂತುಗಳಾದರೂ ಮುಗಿದ ಕೆಲಸದ, ಬಂದಿಳಿದ ಸಾಮಗ್ರಿಯ ಬೆಲೆಯನ್ನು ಮೀರಕೂಡದು. ಕರಾರು ಬರವಣಿಗೆಯಲ್ಲಿರಬೇಕು. ಮನೆಯಲ್ಲಿ ಕುಳಿತು ಸಹಿ ಮಾಡಿದ ಕರಾರಿನ ಬಗ್ಗೆ ಮನಸ್ಸು ಬದಲಾಯಿಸಿದವನು ಮೂರು ಕೆಲಸದ ದಿನಗಳೊಳಗೆ, 65 ವರ್ಷ ತುಂಬಿದವನಾದರೆ ಐದು ದಿನಗಳೊಳಗೆ, ಅದನ್ನು ರದ್ದುಪಡಿಸಬಹುದು. ವೃದ್ಧರನ್ನು ಮಾತಿನಿಂದ ಮರುಳುಗೊಳಿಸುವುದು ಎಲ್ಲ ದೇಶಗಳಲ್ಲಿಯೂ ಸುಲಭವೆಂಬುದನ್ನು ಬಲ್ಲವರು ಈ ಎರಡು ದಿನಗಳ ಬೆಲೆಯನ್ನು ಅರಿಯಬಲ್ಲರು.

ಪರವಾನಗಿಯಿಲ್ಲದೆ ಗುತ್ತಿಗೆ ಹಿಡಿಯುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದವನಿಗೆ ಆರು ತಿಂಗಳವರೆಗೆ ಸೆರೆಮನೆವಾಸ, 5,000 ಡಾಲರಿನವರೆಗೆ ದಂಡ, ಇಲ್ಲವೆ ಎರಡೂ. ಆದರೆ ದಂಡವನ್ನು ವ್ಯಾಪಾರದ ಖರ್ಚಿನಲ್ಲಿ ಸೇರಿಸಿಕೊಳ್ಳುವ ಜಾಣರೂ ಇರುತ್ತಾರಾದುದರಿಂದ, ಶಾಸನದ ನಿಜವಾದ ಬಲ ಇರುವುದು ಅಲ್ಲಿಯ ವ್ಯಾಪಾರ ಮತ್ತು ವೃತ್ತಿಗಳ ಸಂಹಿತೆಯ 7031ನೆಯ ವಿಧಿಯಲ್ಲಿ. ಪರವಾನಗಿಯಿಲ್ಲದವನು ತಾನು ಮಾಡಿದ ಕೆಲಸದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ; ಕೆಲಸ ಎಷ್ಟೇ ಚೆನ್ನಾಗಿರಲಿ, ಅವನಿಗೆ ಪರವಾನಗಿಯಿಲ್ಲವೆಂಬುದು ಯಜಮಾನನಿಗೆ ಮೊದಲೇ ತಿಳಿದಿರಲಿ, ಬಾಕಿಯನ್ನು ವಸೂಲುಮಾಡುವ ಹಕ್ಕು ಅವನಿಗಿಲ್ಲ. ಇಷ್ಟೂ ಸಾಲದೆಂದು 2001ರಲ್ಲಿ ಸೇರಿಸಿದ ತಿದ್ದುಪಡಿಯ ಪ್ರಕಾರ, ಯಜಮಾನನು ಈಗಾಗಲೇ ಕೊಟ್ಟ ಹಣವನ್ನೆಲ್ಲ ಮರಳಿ ಕೇಳಬಹುದು. ಕಟ್ಟಿದ ಗೋಡೆ ಯಜಮಾನನದಾಗಿಯೇ ಉಳಿಯುತ್ತದೆ, ತೆಗೆದುಕೊಂಡ ಹಣವನ್ನು ಕಟ್ಟಿದವನು ಹಿಂದಿರುಗಿಸಬೇಕು.

ಇದು ನ್ಯಾಯವೇ ಎಂದು ಓದುಗರಿಗೆ ಶಂಕೆ ಹುಟ್ಟುವುದು ಸಹಜ. ಅಲ್ಲಿಯ ನ್ಯಾಯಾಧೀಶರಿಗೂ ಆ ಪ್ರಶ್ನೆ ಎದುರಾಯಿತು. ಪಾಮ್ ಸ್ಪ್ರಿಂಗ್ಸ್ ಎಂಬ ಊರಿನ ಜಲಕ್ರೀಡಾ ಉದ್ಯಾನದಲ್ಲಿ ಸಮುದ್ರದಂತೆ ಅಲೆಗಳನ್ನು ಎಬ್ಬಿಸುವ ಯಂತ್ರವನ್ನು ಅಳವಡಿಸಿದ ಹೈಡ್ರೋಟೆಕ್ ಎಂಬ ನ್ಯೂಯಾರ್ಕಿನ ಸಂಸ್ಥೆಗೆ ಕ್ಯಾಲಿಫೋರ್ನಿಯದ ಪರವಾನಗಿಯಿರಲಿಲ್ಲ. ಪರವಾನಗಿಯ ಮಾತೆತ್ತಿ ತಾನು ಹಿಂಜರಿದಾಗ, ಉದ್ಯಾನದವರು ಹಣ ಕೊಟ್ಟೇ ಕೊಡುವೆವೆಂದು ನಂಬಿಸಿ ಕೆಲಸ ಮಾಡಿಸಿಕೊಂಡು, ಬಳಿಕ ಅದೇ ಕಾರಣವನ್ನು ಮುಂದೊಡ್ಡಿ ಕೈಯೆತ್ತಿದರೆಂಬುದು ಆ ಸಂಸ್ಥೆಯ ದೂರು. 1991ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಆ ವಂಚನೆ ನಿಜವೆಂದು ಇಟ್ಟುಕೊಂಡರೂ ಪರವಾನಗಿಯಿಲ್ಲದವನಿಗೆ ಹಣ ಕೊಡಿಸಲಾಗದೆಂದು ತೀರ್ಮಾನಿಸಿತು. ಒಬ್ಬನಿಗೆ ಆಗುವ ಅನ್ಯಾಯವನ್ನು ಕಂಡು ಕನಿಕರಪಟ್ಟು ಬಾಗಿಲನ್ನು ತುಸು ತೆರೆದರೆ, ಪರವಾನಗಿಯಿಲ್ಲದವರೆಲ್ಲರೂ ಅದೇ ಬಾಗಿಲಿನಿಂದ ಒಳನುಗ್ಗುವರೆಂಬುದು ಈ ವಿಧಿಯ ಹಿಂದಿರುವ ತರ್ಕ. ಮೊದಲು ಪರವಾನಗಿ ಹೊಂದಿದ್ದು, ಸದ್ಭಾವದಿಂದ ನಡೆದುಕೊಂಡು, ಅದು ತಪ್ಪಿಹೋದುದು ತಿಳಿದೊಡನೆ ಸರಿಪಡಿಸಿಕೊಂಡವನಿಗೆ ಮಾತ್ರ ಶಾಸನ ಇಕ್ಕಟ್ಟಾದ ಒಂದು ದಾರಿಯನ್ನು ಬಿಟ್ಟಿದೆ. ಈ ತೀರ್ಪಿನ ಕ್ರೌರ್ಯವನ್ನು ನಾನು ಅಲ್ಲಗಳೆಯಲಾರೆ; ಆದರೂ ಪರವಾನಗಿಯೆಂಬುದು ಗೋಡೆಗೆ ತೂಗುಹಾಕುವ ಕಾಗದವಾಗದೆ ಜೀವನೋಪಾಯದ ಆಧಾರವೇ ಆಗಿರುವುದು ಈ ಕ್ರೌರ್ಯದಿಂದ ಎಂಬುದನ್ನು ಒಪ್ಪಲೇಬೇಕು.

ಹಾಗೆಂದು ಈ ವ್ಯವಸ್ಥೆ ಎಲ್ಲ ಕಷ್ಟಗಳನ್ನೂ ನಿವಾರಿಸಿತೆಂದು ಭಾವಿಸಲಾಗದು. ಲಕ್ಷಾಂತರ ಡಾಲರು ಬೆಲೆಯ ಮನೆಯ ಮುಂದೆ 25,000 ಡಾಲರಿನ ಜಾಮೀನು ಅತ್ಯಲ್ಪ. ಅದೂ ಒಬ್ಬ ಯಜಮಾನನಿಗೆ ಮೀಸಲಾದುದಲ್ಲ, ಆ ಗುತ್ತಿಗೆದಾರನಿಂದ ನಷ್ಟಹೊಂದಿದವರೆಲ್ಲ ಅದರಲ್ಲಿಯೇ ಹಂಚಿಕೊಳ್ಳಬೇಕು. ಇನ್ನೊಂದು ಅಪಾಯ ಬಹುಮಂದಿಗೆ ತಿಳಿಯದಿರುವಂಥದು: ಗುತ್ತಿಗೆದಾರನಿಗೆ ಹಣವನ್ನೆಲ್ಲ ಸಲ್ಲಿಸಿದ ಮೇಲೂ, ಅವನು ತನ್ನ ಕೆಳಗಿನ ಕೆಲಸಗಾರರಿಗೋ ಮರಮುಟ್ಟು ಒದಗಿಸಿದ ಅಂಗಡಿಗೋ ಬಾಕಿ ಉಳಿಸಿಕೊಂಡಿದ್ದರೆ, ಅವರು ಆ ಮನೆಯ ಮೇಲೆಯೇ ಹಕ್ಕು ಸ್ಥಾಪಿಸಿ, ಯಜಮಾನನು ಎರಡನೆಯ ಬಾರಿ ಹಣ ತೆರುವಂತೆ ಮಾಡಬಹುದು. ಆದುದರಿಂದ ಬಲ್ಲವರು ಪ್ರತಿ ಕಂತಿನೊಡನೆಯೂ ಕೆಳಗಿನವರಿಂದ ಹಕ್ಕುಬಿಡುಗಡೆಯ ಪತ್ರವನ್ನು ಬರೆಯಿಸಿಕೊಳ್ಳುತ್ತಾರೆ.

ವಿಪತ್ತು ಬಂದೆರಗಿದಾಗ ಶಾಸನ ಇನ್ನೂ ಬಿಗಿಯಾಗುತ್ತದೆ. 2018ರ ನವೆಂಬರಿನಲ್ಲಿ ಪ್ಯಾರಡೈಸ್ ಎಂಬ ಊರನ್ನು ಸುಟ್ಟ ಕಾಳ್ಗಿಚ್ಚಿನಲ್ಲಿ 85 ಮಂದಿ ಮಡಿದು, 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದುವು. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಸುತ್ತಮುತ್ತ ಮತ್ತೆ ಸಹಸ್ರಾರು ಮನೆಗಳು ಬೂದಿಯಾದುವು. ಎಲ್ಲವನ್ನೂ ಕಳೆದುಕೊಂಡು ವಿಮೆಯ ಹಣವನ್ನು ಕೈಯಲ್ಲಿ ಹಿಡಿದು ನಿಂತವರ ಬಳಿಗೆ ಮೊದಲು ಬರುವವರು ಎಂಥವರೆಂಬುದನ್ನು ಊಹಿಸಿಕೊಳ್ಳಬಹುದಷ್ಟೆ. ವಿಪತ್ತಿನ ಪ್ರದೇಶವೆಂದು ಘೋಷಿತವಾದ ಕಡೆ ಪರವಾನಗಿಯಿಲ್ಲದೆ ಮನೆ ಕಟ್ಟಲು ಒಪ್ಪಿಕೊಳ್ಳುವುದನ್ನು ಅಲ್ಲಿಯ ಶಾಸನ ಘೋರಾಪರಾಧಗಳ ವರ್ಗಕ್ಕೆ ಸೇರಿಸಬಲ್ಲದು.

ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲೆಸಿರುವ ಕನ್ನಡಿಗ ಸಂಸಾರಗಳಿಗೆ ಈ ನಿಯಮಗಳು ನಿತ್ಯದ ವಿಷಯ. ಊರಿನಿಂದ ಬಂದ ತಂದೆತಾಯಿಗಳಿಗಾಗಿ ಹಿತ್ತಲಿನಲ್ಲಿ ಒಂದು ಕೋಣೆ ಕಟ್ಟಿಸಬೇಕೆಂದಿರುವವರು ಗುತ್ತಿಗೆದಾರನ ಪರವಾನಗಿ ಸಂಖ್ಯೆಯನ್ನು ಕೇಳಿ ಪಡೆಯಬೇಕು; ಜಾಹೀರಾತಿನಲ್ಲಿಯೂ ಕರಾರಿನಲ್ಲಿಯೂ ಅದನ್ನು ನಮೂದಿಸುವುದು ಅವನ ಕರ್ತವ್ಯ. ಆ ಸಂಖ್ಯೆಯಿಂದ ಅವನ ಪರವಾನಗಿ ಚಾಲ್ತಿಯಲ್ಲಿದೆಯೇ, ಜಾಮೀನು ಇದೆಯೇ, ಕೆಲಸಗಾರರ ವಿಮೆಯಿದೆಯೇ, ಅವನ ಮೇಲೆ ಶಿಸ್ತುಕ್ರಮ ನಡೆದಿದೆಯೇ ಎಂಬುದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ತಿಳಿಯಬಹುದು. ಅನುಮತಿ ಪತ್ರಕ್ಕೆ ನೀವೇ ಯಜಮಾನ ಹಾಗೂ ನಿರ್ಮಾಪಕ ಎಂದು ಸಹಿ ಹಾಕಿಬಿಡಿ ಎಂದು ಗುತ್ತಿಗೆದಾರನು ಸಲಹೆ ಕೊಟ್ಟರೆ ಅಲ್ಲಿಗೇ ನಿಲ್ಲಿಸಬೇಕು. ಆ ಸಹಿಯೊಡನೆ, ಏಣಿಯಿಂದ ಬಿದ್ದ ಕೂಲಿಯಾಳಿನ ಹೊಣೆಯೂ ತಮ್ಮ ತಲೆಗೆ ಬರಬಹುದು.

ಇತ್ತ ನಮ್ಮ ಕರ್ನಾಟಕದ ಕಡೆ ತಿರುಗಿ ನೋಡಿದರೆ ಸ್ಥಿತಿ ವಿಚಿತ್ರವಾಗಿದೆ. 2016ರ ರೇರಾ ಕಾಯಿದೆ ಮತ್ತು ಅದರಡಿಯಲ್ಲಿ 2017ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ನಿಯಮಗಳು, ಫ್ಲ್ಯಾಟುಗಳನ್ನು ಕಟ್ಟಿ ಮಾರುವವರನ್ನು ನೋಂದಣಿಗೆ ಒಳಪಡಿಸಿವೆ: ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು; ಮನೆಯನ್ನು ವಹಿಸಿಕೊಟ್ಟ ಐದು ವರ್ಷಗಳೊಳಗೆ ಕಟ್ಟಡದಲ್ಲಿ ಕಾಣುವ ದೋಷಗಳನ್ನು ಬಿಟ್ಟಿಯಾಗಿ ಸರಿಪಡಿಸಿಕೊಡಬೇಕು. ಆದರೆ ಈ ಕಾಯಿದೆ ನೋಡುವುದು ಮಾರುವವನನ್ನು. ತನ್ನ ಮೂವತ್ತು ನಲವತ್ತರ ಸೈಟಿನಲ್ಲಿ, ಚದರಕ್ಕಿಷ್ಟೆಂದು ಮಾತನಾಡಿ, ಮೇಸ್ತ್ರಿಗೆ ಕೆಲಸ ವಹಿಸುವ ಗೃಹಸ್ಥನಿಗೂ ಆ ಮೇಸ್ತ್ರಿಗೂ ಅದರಲ್ಲಿ ಸ್ಥಾನವಿಲ್ಲ. ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ದರ್ಜೆಗಳಾಗಿ ವಿಂಗಡಿಸಿ ನೋಂದಾಯಿಸಿಕೊಳ್ಳುವುದೇನೋ ನಿಜ. ಅದು ಸರ್ಕಾರದ ಕಾಮಗಾರಿಗಳಿಗೆ. ಮನೆಗೆ ವೈರಿಂಗ್ ಮಾಡುವ ಗುತ್ತಿಗೆದಾರನಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ನಕ್ಷೆಗೆ ಸಹಿ ಹಾಕುವ ಎಂಜಿನಿಯರಿಗೂ ನೋಂದಣಿ ಬೇಕು. ಆ ತಂತಿಯನ್ನೂ ನಕ್ಷೆಯನ್ನೂ ಹೊರುವ ಗೋಡೆಯನ್ನು ಎಬ್ಬಿಸುವವನಿಗೆ, ತಾರಸಿಯ ಮೋಲ್ಡು ಹಾಕಿ ಎಷ್ಟು ದಿನಕ್ಕೆ ಸೆಂಟ್ರಿಂಗ್ ಬಿಚ್ಚಬೇಕೆಂದು ನಿರ್ಧರಿಸುವವನಿಗೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಗೃಹನಿರ್ಮಾಣವನ್ನು ಸೇವೆಯೆಂದು ಪರಿಗಣಿಸಿರುವುದರಿಂದ ಕೆಟ್ಟ ಕೆಲಸದ ಮೇಲೆ ದೂರು ಕೊಡಬಹುದು. ಆದರೆ ಅದು ಗೋಡೆ ಬಿರಿದ ಮೇಲಿನ ಪರಿಹಾರ, ಅದಕ್ಕೂ ಬಿಳಿಯ ಹಾಳೆಯ ಮೇಲೆ ಒಂದು ಕರಾರಾದರೂ ಇದ್ದರೆ ಅನುಕೂಲ.

ಕ್ಯಾಲಿಫೋರ್ನಿಯದ ಶಾಸನವನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಬೇಕೆಂದು ನಾನು ಹೇಳಲಾರೆ. ನಮ್ಮ ಮೇಸ್ತ್ರಿಗಳಲ್ಲಿ ಅನೇಕರು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಗಾರೆ ಹೊರಲು ಬಂದು, ಕಣ್ಣಳತೆಯಿಂದಲೂ ತೂಗುಗುಂಡಿನಿಂದಲೂ ಕಸಬನ್ನು ಕಲಿತು, ಓದುಬರಹವಿಲ್ಲದೆಯೂ ಎಂಜಿನಿಯರುಗಳು ಮೆಚ್ಚುವಂಥ ಕೆಲಸ ಮಾಡುವವರು. ಅಚ್ಚು ಹಾಕಿದ ಪ್ರಶ್ನಪತ್ರಿಕೆಯೊಂದನ್ನು ಮುಂದಿಟ್ಟು ಅವರನ್ನು ಅನರ್ಹರೆಂದು ಸಾರಿ, ಅವರ ದುಡಿಮೆಯ ಹಣವನ್ನು ತಡೆಯುವ ಹಕ್ಕನ್ನು ಯಜಮಾನನ ಕೈಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ಆದರೆ ಅನುಭವವನ್ನೇ ಅಳೆದು ಪ್ರಮಾಣಪತ್ರ ಕೊಡುವ ಮಾರ್ಗ ನಮ್ಮಲ್ಲಿ ಈಗಾಗಲೇ ತೆರೆದಿದೆ: 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ದುಡಿದು ಕಲಿತವನ ಪೂರ್ವಕಲಿಕೆಯನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ಏರ್ಪಾಡಿದೆ. ಅದನ್ನೇ ವಿಸ್ತರಿಸಿ, ಕನ್ನಡದಲ್ಲಿ ಬಾಯಿಮಾತಿನ ಪ್ರಶ್ನೆಗಳಿಂದಲೂ, ಕೆಲಸ ನಡೆಯುವ ಸ್ಥಳದಲ್ಲಿಯೇ ಕಂಬಿ ಕಟ್ಟಿಸಿ ನೋಡುವ ಪರೀಕ್ಷೆಯಿಂದಲೂ ಮೇಸ್ತ್ರಿಯ ಯೋಗ್ಯತೆಯನ್ನು ನಿರ್ಣಯಿಸಿ, ಮೊದಲಿಗೆ ಮಹಡಿಯ ಮೇಲೆ ಮಹಡಿ ಏರಿಸುವ ಮನೆಗಳಿಗೆ ಮಾತ್ರ ಅದನ್ನು ಕಡ್ಡಾಯಮಾಡಿ, ಹಳಬರಿಗೆ ಕೆಲವು ವರ್ಷಗಳ ಅವಕಾಶವನ್ನು ಕೊಟ್ಟು, ನಕ್ಷೆಗೆ ಮಂಜೂರಾತಿ ನೀಡುವಾಗ ಎಂಜಿನಿಯರಿನ ಹೆಸರಿನ ಪಕ್ಕದಲ್ಲಿ ಮೇಸ್ತ್ರಿಯ ಹೆಸರನ್ನೂ ಅವನ ನೋಂದಣಿ ಸಂಖ್ಯೆಯನ್ನೂ ಬರೆಯಿಸುವುದು ನಮ್ಮ ನಗರಸಭೆಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಅಸಾಧ್ಯವಾದ ಕಾರ್ಯವಲ್ಲ.