ಮೋಟಾರು ವಾಹನದ ಉಗಮ: ಪ್ರಥಮತೆಯ ಪ್ರಶ್ನೆ ಮತ್ತು ಆಕರಗಳ ಸಾಕ್ಷ್ಯ

ಮೋಟಾರು ವಾಹನದ ಜನಕ ಯಾರು ಎಂಬ ಪ್ರಶ್ನೆಗೆ ಜರ್ಮನಿಯ ಕಾರ್ಲ್ ಬೆಂಜ್‌ನ ಹೆಸರು ಉತ್ತರವಾಗಿ ರೂಢಿಯಲ್ಲಿದೆ. ಈ ಉತ್ತರ ತಪ್ಪಲ್ಲ. ಆದರೆ ಅದು ಯಾವ ಆಧಾರದ ಮೇಲೆ ನಿಂತಿದೆ, ಇತರ ಹೆಸರುಗಳು ಹಿಂದೆ ಸರಿದದ್ದು ಹೇಗೆ ಎಂಬುದನ್ನು ಪರಿಶೀಲಿಸದೆ ಅದನ್ನು ಸ್ವೀಕರಿಸುವುದು ಚರಿತ್ರೆಯ ವಿಧಾನವಾಗಲಾರದು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಆಕರಗಳ ಹಿನ್ನೆಲೆಯಲ್ಲಿ ವಿವೇಚಿಸಲಾಗಿದೆ.

ಮೊದಲನೆಯದು ವ್ಯಾಖ್ಯೆಯ ಪ್ರಶ್ನೆ. ಪ್ರಾಣಿಬಲವಿಲ್ಲದೆ ಸ್ವಂತ ಶಕ್ತಿಯಿಂದ ರಸ್ತೆಯಲ್ಲಿ ಚಲಿಸುವ ಗಾಡಿಯೆಂದಷ್ಟೇ ಅರ್ಥೈಸಿದರೆ, ಫ್ರಾನ್ಸಿನ ಸೇನಾ ಎಂಜಿನಿಯರ್ ನಿಕೊಲಾ ಜೋಸೆಫ್ ಕ್ಯೂನ್ಯೊ 1769ರಲ್ಲಿ ಫಿರಂಗಿ ಸಾಗಣೆಗೆಂದು ರೂಪಿಸಿದ ಉಗಿಗಾಡಿಗೆ ಅಗ್ರಸ್ಥಾನ ಸಲ್ಲಬೇಕು. 1801ರಲ್ಲಿ ಇಂಗ್ಲೆಂಡಿನ ಕ್ಯಾಂಬೋರ್ನ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ತನ್ನ ಉಗಿಗಾಡಿಯಲ್ಲಿ ಜನರನ್ನು ಕೂರಿಸಿ ಓಡಿಸಿದನು. ಆದರೆ ಬಾಯ್ಲರ್, ನೀರು ಮತ್ತು ಕಲ್ಲಿದ್ದಲಿನ ಭಾರ ಇಂತಹ ಗಾಡಿಗಳಿಗೆ ದೊಡ್ಡ ತೊಡಕಾಗಿತ್ತು. ಬ್ರಿಟನ್ನಿನ 1865ರ ಕಾಯಿದೆಯು ಇವುಗಳ ವೇಗವನ್ನು ಗಂಟೆಗೆ 4 ಮೈಲಿಗೆ, ಊರೊಳಗೆ 2 ಮೈಲಿಗೆ ಮಿತಿಗೊಳಿಸಿ, ಗಾಡಿಯ ಮುಂದೆ ಒಬ್ಬನು ನಡೆದುಹೋಗಬೇಕೆಂದು ವಿಧಿಸಿತು.

ಭಾರದ ಈ ಸಮಸ್ಯೆಗೆ ಪರಿಹಾರ ದೊರೆತದ್ದು ಇಂಧನವನ್ನು ಸಿಲಿಂಡರಿನ ಒಳಗೇ ಉರಿಸುವ ಅಂತರ್ದಹನ ಎಂಜಿನಿನಿಂದ. ನಿಕೊಲಾಸ್ ಆಟೊ 1876ರಲ್ಲಿ ಸಿದ್ಧಪಡಿಸಿದ ನಾಲ್ಕು ಸ್ಟ್ರೋಕಿನ ಎಂಜಿನು ಅನಿಲದಿಂದ ನಡೆಯುವ, ಒಂದೆಡೆ ನೆಲೆನಿಂತ ಯಂತ್ರವಾಗಿತ್ತು. ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ಹಗುರವೂ ವೇಗಶಾಲಿಯೂ ಆದ ಪೆಟ್ರೋಲ್ ಎಂಜಿನನ್ನು ರೂಪಿಸಿ 1885ರಲ್ಲಿ ದ್ವಿಚಕ್ರಕ್ಕೆ, 1886ರಲ್ಲಿ ಸಾರೋಟಿಗೆ ಅಳವಡಿಸಿದರು. ಮಾನ್‌ಹೈಮ್‌ನಲ್ಲಿ ಸ್ವತಂತ್ರವಾಗಿ ಶ್ರಮಿಸುತ್ತಿದ್ದ ಬೆಂಜ್‌ನ ಮಾರ್ಗ ಭಿನ್ನವಾಗಿತ್ತು. ಆತನು ಇದ್ದ ಗಾಡಿಗೆ ಎಂಜಿನನ್ನು ಜೋಡಿಸದೆ, ಎಂಜಿನು, ಉಕ್ಕಿನ ಕೊಳವೆಗಳ ಚೌಕಟ್ಟು ಮತ್ತು ಮೂರು ಚಕ್ರಗಳನ್ನು ಒಂದೇ ಯಂತ್ರವಾಗಿ ಯೋಜಿಸಿದನು. 1886ರ ಜನವರಿ 29ರ ದಿನಾಂಕವುಳ್ಳ, 37435 ಸಂಖ್ಯೆಯ ಪೇಟೆಂಟ್ ಇದಕ್ಕೆ ಸಾಕ್ಷಿ. ಯುನೆಸ್ಕೊ 2011ರಲ್ಲಿ ಈ ದಾಖಲೆಯನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು.

ಪೇಟೆಂಟ್ ಒಂದು ಕಲ್ಪನೆಯನ್ನು ದಾಖಲಿಸುತ್ತದೆ. ಅದರ ಉಪಯುಕ್ತತೆಯನ್ನು ರಸ್ತೆಯೇ ಸಾಬೀತುಪಡಿಸಬೇಕು. 1888ರ ಆಗಸ್ಟಿನಲ್ಲಿ ಬೆಂಜ್‌ನ ಪತ್ನಿ ಬರ್ತಾ ಇಬ್ಬರು ಪುತ್ರರೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿದಳು. ಇಂಧನವನ್ನು ವೀಸ್ಲೋಖ್‌ನ ಔಷಧಿ ಅಂಗಡಿಯಲ್ಲಿ ಕೊಳ್ಳಬೇಕಾಯಿತು. ಏರುದಾರಿಯಲ್ಲಿ ಗಾಡಿಯನ್ನು ತಳ್ಳಬೇಕಾಯಿತು. ಏರಿಗೆ ತಕ್ಕ ಇನ್ನೊಂದು ಗೇರು ಅಗತ್ಯವೆಂಬ ತಿಳಿವಳಿಕೆ ಈ ಪ್ರಯಾಣದಿಂದಲೇ ಲಭಿಸಿತು.

ಪ್ರಥಮತೆಯ ಚರ್ಚೆಯಲ್ಲಿ ಅತ್ಯಂತ ಜಟಿಲವಾದದ್ದು ಜೀಗ್‌ಫ್ರೀಡ್ ಮಾರ್ಕುಸ್‌ನ ಪ್ರಕರಣ. ಜರ್ಮನಿಯಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿ ವಿಯೆನ್ನಾದಲ್ಲಿ ನೆಲೆಸಿದ ಈತ 1870ರ ಸುಮಾರಿಗೆ ಕೈಗಾಡಿಯೊಂದಕ್ಕೆ ಎಂಜಿನನ್ನು ಅಳವಡಿಸಿ ಪ್ರಯೋಗ ನಡೆಸಿದ್ದನು. ಆತನ ಎರಡನೆಯ ವಾಹನ 1875ರದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಆಸ್ಟ್ರಿಯಾ ನಾಜಿಗಳ ವಶವಾದ ಮೇಲೆ ವಿಯೆನ್ನಾದಲ್ಲಿದ್ದ ಆತನ ಸ್ಮಾರಕವನ್ನು ತೆಗೆದುಹಾಕಲಾಯಿತು. 1940ರಲ್ಲಿ ಜರ್ಮನ್ ಪ್ರಚಾರ ಸಚಿವಾಲಯವು ಮೋಟಾರು ವಾಹನದ ನಿರ್ಮಾತೃಗಳೆಂದು ಮಾರ್ಕುಸ್‌ಗೆ ಬದಲಾಗಿ ಡೈಮ್ಲರ್ ಮತ್ತು ಬೆಂಜ್‌ರನ್ನು ಹೆಸರಿಸುವಂತೆ ವಿಶ್ವಕೋಶಗಳಿಗೆ ಸೂಚಿಸಿತು. ಯುದ್ಧಾನಂತರ ಸ್ಮಾರಕ ಪುನಃ ಸ್ಥಾಪನೆಗೊಂಡಿತು. ಆದರೆ ತರುವಾಯದ ಸಂಶೋಧನೆಯು ಆ ಎರಡನೆಯ ವಾಹನದ ನಿರ್ಮಾಣಕಾಲವನ್ನು 1888-89 ಎಂದು ನಿರ್ಧರಿಸಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಮಾರ್ಕುಸ್‌ಗೆ ಆದ ಅನ್ಯಾಯದಿಂದ 1875ರ ಕಾಲನಿರ್ದೇಶ ಸತ್ಯವಾಗುವುದಿಲ್ಲ. ಆ ಕಾಲನಿರ್ದೇಶ ತಪ್ಪೆಂದು ತಿಳಿದ ಮಾತ್ರಕ್ಕೆ ಆತನ ಹೆಸರನ್ನು ಅಳಿಸಿದ್ದು ಸಮರ್ಥನೀಯವೂ ಆಗುವುದಿಲ್ಲ. ಬೆಂಜ್‌ನ ಸ್ಥಾನ ಭದ್ರವಾಗಿರುವುದು ಪೇಟೆಂಟ್ ಮತ್ತು ಪ್ರಯೋಗದ ಸಾಕ್ಷ್ಯದಿಂದಲೇ ಹೊರತು 1940ರ ಆಜ್ಞೆಯಿಂದಲ್ಲ. ಕ್ಯೂನ್ಯೊನಿಂದ ಬೆಂಜ್‌ವರೆಗೆ ಶತಮಾನಕ್ಕೂ ಮಿಕ್ಕಿ ಹಲವರು ನಡೆಸಿದ ಪ್ರಯತ್ನಗಳ ಫಲ ಮೋಟಾರು ವಾಹನ. ಆ ಪರಂಪರೆಯಲ್ಲಿ ಪ್ರತಿಯೊಬ್ಬನಿಗೂ ಸಲ್ಲುವ ಸ್ಥಾನವನ್ನು ಆಕರಗಳಿಂದಲೇ ನಿರ್ಣಯಿಸುವುದು ಸಂಶೋಧಕನ ಕರ್ತವ್ಯ.